ಆಷಾಢದ ಒಂಬತ್ತು ಸುತ್ತು

ಒಬ್ಬರು ಚಳ್ಳಕೆರೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬರು ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಕಾರರು, ನಲವತ್ತು ದಾಟಿದವರು. ಚಳ್ಳಕೆರೆಗೆ ಸೀರೆ ತಲುಪಿಸಲು ಬಂದಾಗಲೆಲ್ಲ ಮೇಷ್ಟ್ರ ಮನೆಯಲ್ಲಿ ಒಂದು ಚೆಸ್ ಆಟ ಆಡಿಯೇ ಅವರು ಬಸ್ಸು ಹತ್ತುವುದು. ಅಂಥ ಒಂದು ಆಟ ಮುಗಿದ ಮೇಲಿನ ಮಾತು ಇದು.

ನೇಕಾರ: ಮೇಷ್ಟ್ರೇ, ನೇರವಾಗಿ ಕೇಳ್ತೀನಿ. ನನ್ನ ವಯಸ್ಸಿನವರ ಆಟ ಇನ್ನು ಮುಂದೆ ಬೆಳೀತೈತಾ? ದಿನಾ ರಾತ್ರಿ ಮಗ್ಗ ಬಿಟ್ಟ ಮೇಲೆ ಮೊಬೈಲಿನಾಗೆ ಆಡ್ತೀನಿ. ಆದ್ರೆ ಇದ್ದಲ್ಲೇ ಇದ್ದೀನಿ.

ಮೇಷ್ಟ್ರು: ಎಷ್ಟು ನಿಮಿಷದ ಆಟ?

ನೇಕಾರ: ಮೂರು ನಿಮಿಷದ್ದು. ಒಮ್ಮೊಮ್ಮೆ ಐದು.

ಮೇಷ್ಟ್ರು: ಮೂರು ನಿಮಿಷದಲ್ಲಿ ಕೈಗೆ ಬರೋದು ಆಗಲೇ ಗೊತ್ತಿರೋ ನಡೆ ಮಾತ್ರ. ಯೋಚನೆಗೆ ಜಾಗ ಎಲ್ಲಿದೆ? ನೀನು ಕೆಟ್ಟ ನಡೆ ನಡೆಸಿದರೂ ಎದುರಿನವನಿಗೆ ಅದನ್ನು ನೋಡೋಕೆ ಪುರುಸೊತ್ತಿಲ್ಲ. ದಂಡ ಬೀಳದ ತಪ್ಪು ತಪ್ಪು ಅಂತಲೇ ಅನ್ನಿಸೋದಿಲ್ಲ, ಕೈಗೆ ಅಂಟಿಕೊಂಡುಬಿಡುತ್ತೆ. ಇನ್ನು ವಯಸ್ಸಿನ ಮಾತು. ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಗೊತ್ತಲ್ಲ?

ನೇಕಾರ: ಗ್ರ್ಯಾಂಡ್‌ಮಾಸ್ಟರ್. ಕರ್ನಾಟಕದ ಮೊದಲನೆಯವರು.

ಮೇಷ್ಟ್ರು: ಆನಂದ್ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು 1988ರಲ್ಲಿ. ಅಲ್ಲಿಂದ ಕರ್ನಾಟಕ ಕಾದದ್ದು 2017ರವರೆಗೆ. ಆ ವರ್ಷ ತೇಜ್‌ಕುಮಾರ್‌ಗೆ 36 ವಯಸ್ಸು. ರೈಲ್ವೆ ನೌಕರಿ, ಸಂಸಾರ, ಎಲ್ಲ ಇದ್ದ ಮನುಷ್ಯ. ಅದಾಗಲೇ ಹನ್ನೆರಡು ಹದಿಮೂರರ ಹುಡುಗರು ಗ್ರ್ಯಾಂಡ್‌ಮಾಸ್ಟರ್ ಆಗ್ತಿದ್ದ ಕಾಲ ಅದು. ಮರುವರ್ಷ ನಮ್ಮ ಪಕ್ಕದ ಶಿವಮೊಗ್ಗದ ಜಿ.ಎ. ಸ್ಟ್ಯಾನಿ ಆದರು. ಅದೇ ಶಿವಮೊಗ್ಗದ ಕಿಶನ್ ಗಂಗೊಳ್ಳಿಯವರನ್ನೂ ನೆನೆಸಿಕೋ. ಕಣ್ಣು ಕಾಣದವರ ರಾಷ್ಟ್ರೀಯ ಚಾಂಪಿಯನ್‌ಷಿಪ್ಪನ್ನು ಹಲವು ಸಲ ಗೆದ್ದವರು. ಅವರ ಬೋರ್ಡಿನಲ್ಲಿ ಪ್ರತಿ ಮನೆಗೂ ತೂತು, ಕಪ್ಪು ಮನೆಗಳು ಸ್ವಲ್ಪ ಎತ್ತರ, ಕಾಯಿಗಳ ಬುಡದಲ್ಲಿ ಕಡ್ಡಿ. ಬೆರಳಲ್ಲಿ ಮುಟ್ಟಿ ಮುಟ್ಟಿ ಇಡೀ ಆಟ ತಲೆಯಲ್ಲಿ ಇಟ್ಟುಕೊಳ್ಳಬೇಕು.

ನೇಕಾರ: ಅವರೆಲ್ಲ ಎಳೇ ವಯಸ್ಸಿನಾಗೆ ಶುರು ಮಾಡಿದೋರು ಮೇಷ್ಟ್ರೇ. ನಾನು ಕಲಿತಿದ್ದು ನಮ್ಮ ತಾತನ ಹತ್ರ, ಹಳೇ ಪದ್ಧತಿ. ಕಾಲಾಳು ಮೊದಲನೇ ಸಲಾನೂ ಒಂದೇ ಮನೆ. ಕೋಟೆ ಕಟ್ಟೋದು ಇಲ್ಲ, ಅದರ ಬದಲು ರಾಜ ಒಂದು ಸಲ ಕುದುರೆ ಹಂಗೆ ಹಾರಬಹುದು. ಈಗಿನ ನಿಯಮ ಕಲಿತಾಗ ಮದುವೆನೂ ಆಗಿತ್ತು.

ಮೇಷ್ಟ್ರು: ಸುಲ್ತಾನ್ ಖಾನ್ ಕೂಡ ಹಾಗೇ. ಪಂಜಾಬಿನವರು. ಹಿಂದೂಸ್ತಾನಿ ಪದ್ಧತಿಯಲ್ಲಿ ಬೆಳೆದು, ಇಪ್ಪತ್ತು ದಾಟಿದ ಮೇಲೆ ಯುರೋಪಿನ ನಿಯಮ ಕಲಿತವರು. 1929ರಲ್ಲಿ ಇಂಗ್ಲೆಂಡಿಗೆ ಹೋಗಿ ಬ್ರಿಟಿಷ್ ಚಾಂಪಿಯನ್ ಆದರು. 1932, 1933ರಲ್ಲಿ ಮತ್ತೆ ಗೆದ್ದರು. ಹೇಸ್ಟಿಂಗ್ಸ್ ಟೂರ್ನಮೆಂಟಿನಲ್ಲಿ, ವಿಶ್ವ ಚಾಂಪಿಯನ್ ಆಗಿದ್ದ ಕಾಪಾಬ್ಲಾಂಕಾನನ್ನೇ ಸೋಲಿಸಿದರು. ಆರಂಭದ ನಡೆಗಳ ಪಾಠ ಅವರಿಗೆ ಬಹಳ ಕಡಿಮೆ ಇತ್ತು. ಆರಂಭದಲ್ಲಿ ಹಿಂದೆ ಬಿದ್ದ ಎಷ್ಟೋ ಆಟವನ್ನು ಕೊನೆಯಲ್ಲಿ ಎತ್ತಿ ನಿಲ್ಲಿಸ್ತಿದ್ದರು. ಸತ್ತು ಎಷ್ಟೋ ವರ್ಷವಾದ ಮೇಲೆ, 2024ರಲ್ಲಿ, ವಿಶ್ವ ಚೆಸ್ ಸಂಸ್ಥೆ ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟಿತು. ನೀನು ಸುಲ್ತಾನ್ ಖಾನ್ ಆಗ್ತೀಯ ಅಂತ ನಾನು ಹೇಳ್ತಿಲ್ಲ. ನಿನ್ನ ತಾತ ಕಲಿಸಿದ ಆಟ ನಿನಗೆ ಭಾರ ಅಲ್ಲ, ಬಂಡವಾಳ. ಸಾವಧಾನವಾಗಿ ಕಾಲಾಳು ನಡೆಸೋ ಆಟ ಅದು. ಅದನ್ನು ಬಿಟ್ಟು ಮೂರು ನಿಮಿಷದ ಆಟಕ್ಕೆ ಯಾಕೆ ಹೋದೆ?

ನೇಕಾರ: ನಮ್ಮೂರಾಗೆ ಜೊತೆಗೆ ಆಡೋರು ಇಲ್ಲ. ಮೊಬೈಲಿನಾಗೆ ಅರ್ಧ ರಾತ್ರಿಲೂ ಯಾರೋ ಒಬ್ರು ಸಿಗ್ತಾರೆ. ಅದಿರ್ಲಿ, ಆರಂಭದ ನಡೆ ಕಲಿಯೋದು ಬೇಡ ಅಂತೀರಾ? ವಿಡಿಯೋದಾಗೆ ಎಲ್ಲಾ ಅದೇ ಹೇಳ್ತಾರೆ. ಸಿಸಿಲಿಯನ್ ಹಂಗೆ, ಕಾರೋ-ಕಾನ್ ಹಿಂಗೆ ಅಂತ.

ಮೇಷ್ಟ್ರು: ಬಿಳಿಗೆ ಒಂದು, ಕಪ್ಪಿಗೆ ಎರಡು ಆರಂಭ ಇಟ್ಟುಕೋ. ಅವುಗಳಲ್ಲಿ ಕಾಯಿಗಳು ಎಲ್ಲಿ ಹೋಗಿ ಕೂರಬೇಕು ಅನ್ನೋದು ಗೊತ್ತಿದ್ದರೆ ಐದಾರು ವರ್ಷಕ್ಕೆ ಸಾಕು. ನಮ್ಮ ಮಟ್ಟದ ಆಟ ಆರಂಭದಲ್ಲಿ ಸೋಲೋದಿಲ್ಲ ಕಣಪ್ಪ. ಇಪ್ಪತ್ತೈದನೇ ನಡೆಯಲ್ಲಿ ಒಂಟೆಯನ್ನು ಪುಕ್ಕಟೆ ಬಿಟ್ಟುಕೊಟ್ಟು ಸೋಲುತ್ತೆ. ಒಂದು ವಿಷಯ ಕೇಳ್ತೀನಿ. ಮಗ್ಗದಲ್ಲಿ ಕೂತಾಗ ಹಾಸಿನಲ್ಲಿ ಒಂದು ಎಳೆ ಕಡಿದರೆ ನಿನಗೆ ಹೇಗೆ ಗೊತ್ತಾಗುತ್ತೆ?

ನೇಕಾರ: ಕಣ್ಣಿಗೆ ಬೀಳ್ತೈತೆ. ಹುಡುಕೋದೇನೂ ಇಲ್ಲ.

ಮೇಷ್ಟ್ರು: ಮೊದಲನೇ ವರ್ಷವೂ ಬೀಳ್ತಿತ್ತಾ?

ನೇಕಾರ: ಎಲ್ಲಿಂದ! ಗೇಣುದ್ದ ನೇಯ್ದ ಮೇಲೆ ನಮ್ಮಪ್ಪ ಬಂದು ತೋರಿಸ್ತಿದ್ರು.

ಮೇಷ್ಟ್ರು: ಚೆಸ್ಸಿನಲ್ಲೂ ಅದೇ. ಹಾಲೆಂಡಿನಲ್ಲಿ ಡಿ ಗ್ರೂಟ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ ಇದ್ದ, ತಾನೇ ಒಳ್ಳೆ ಆಟಗಾರ. 1946ರಲ್ಲಿ ತನ್ನ ಅಧ್ಯಯನ ಪ್ರಕಟಿಸಿದ. ದೊಡ್ಡ ಆಟಗಾರರು ನಮಗಿಂತ ಹತ್ತು ಹದಿನೈದು ನಡೆ ಆಚೆಗೆ ಲೆಕ್ಕ ಹಾಕ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಅವನು ನೋಡಿದರೆ ಅಂಥ ದೊಡ್ಡ ವ್ಯತ್ಯಾಸವೇ ಇಲ್ಲ. ಅವರ ಕಣ್ಣಿಗೆ ಸರಿಯಾದ ನಡೆ ಮೊದಲೇ ಬೀಳುತ್ತೆ, ಅಷ್ಟೇ. 1973ರಲ್ಲಿ ಅಮೆರಿಕದ ಚೇಸ್ ಮತ್ತು ಸೈಮನ್ ಇನ್ನೊಂದು ಪರೀಕ್ಷೆ ಮಾಡಿದರು. ನಿಜವಾದ ಆಟದ ಒಂದು ಸ್ಥಿತಿಯನ್ನು ಐದು ಸೆಕೆಂಡ್ ತೋರಿಸಿ ಮುಚ್ಚಿಬಿಡೋದು. ಪಳಗಿದ ಆಟಗಾರ ಬಹುಪಾಲು ಕಾಯಿಗಳನ್ನು ಇದ್ದ ಮನೆಯಲ್ಲೇ ಇಡ್ತಿದ್ದ, ಹೊಸಬ ನಾಲ್ಕೈದನ್ನು ಇಡ್ತಿದ್ದ. ಅದೇ ಕಾಯಿಗಳನ್ನು ಹೇಗೆ ಹೇಗೋ ಚೆಲ್ಲಿ ತೋರಿಸಿದಾಗ ಇಬ್ಬರೂ ಒಂದೇ. ಅಂದರೆ ಜ್ಞಾಪಕಶಕ್ತಿ ಜಾಸ್ತಿ ಅಂತಲ್ಲ, ಕಾಯಿಗಳು ಕೂಡೋ ರೀತಿಯ ಪರಿಚಯ ಜಾಸ್ತಿ.

ನೇಕಾರ: ಆ ಪರಿಚಯ ನನಗೆ ಈಗ ಹೆಂಗೆ ಬರ್ಬೇಕು?

ಮೇಷ್ಟ್ರು: ಸುಲಭದ ಒಗಟುಗಳಿಂದ. ಎರಡು ನಡೆಯಲ್ಲಿ ಮುಗಿಯೋವು. ಒಂದು ಪುಸ್ತಕ ಹಿಡಿ, ಮುಗಿಸು, ಮತ್ತೆ ಅದನ್ನೇ ಮೊದಲಿಂದ ಮಾಡು. ಎರಡನೇ ಸಲ ಬೇಗ ಆಗುತ್ತೆ, ಮೂರನೇ ಸಲ ನೋಡಿದ ತಕ್ಷಣ ಕಾಣುತ್ತೆ. ದೊಡ್ಡವರು ಇದನ್ನು ಮಾಡೋದಿಲ್ಲ, ಸುಲಭದ್ದು ಅಂದರೆ ಸಂಕೋಚ. ಕಷ್ಟದ ಒಗಟು ಹಿಡಿದು ಅರ್ಧ ಗಂಟೆ ಒದ್ದಾಡಿ ಉತ್ತರ ನೋಡಿಬಿಡ್ತಾರೆ. ಕುದಾಪುರದ ಐಐಎಸ್ಸಿ ಕ್ಯಾಂಪಸ್ಸಿನಲ್ಲಿ ಶಿಕ್ಷಕರ ತರಬೇತಿಗೆ ಹೋಗಿದ್ದಾಗ ಬೇರೆ ಬೇರೆ ಜಿಲ್ಲೆಯ ಮೇಷ್ಟ್ರುಗಳ ಜೊತೆ ರಾತ್ರಿ ಆಡ್ತಿದ್ದೆ. ಎಲ್ಲರೂ ಗಣಿತದವರು, ಲೆಕ್ಕದಲ್ಲಿ ಹುಲಿಗಳು. ಕುದುರೆ ಒಂದೇ ಏಟಿಗೆ ರಾಜನಿಗೂ ಆನೆಗೂ ಬಾಯಿ ಹಾಕೋದು ಮಾತ್ರ ಯಾರಿಗೂ ಕಾಣ್ತಿರಲಿಲ್ಲ.

ನೇಕಾರ: ಮತ್ತೆ ಕೊನೆ ಆಟ? ರಾಜ, ಕಾಲಾಳು ಉಳಿದಾಗ ನನಗೆ ಯಾವಾಗ್ಲೂ ಗಾಬರಿ.

ಮೇಷ್ಟ್ರು: ಬೋರ್ಡ್ ಈಚೆಗೆ ತಿರುಗಿಸು. ಮೂರೇ ಕಾಯಿ ಇಡ್ತೀನಿ. ಬಿಳಿ ರಾಜ ಇ-5ರಲ್ಲಿ. ಬಿಳಿ ಕಾಲಾಳು ಅದರ ಬೆನ್ನ ಹಿಂದೆ, ಇ-4ರಲ್ಲಿ. ಕಪ್ಪು ರಾಜ ಇ-7. ಈಗ ಬಿಳಿಯ ಸರದಿ. ಗೆಲ್ಲುತ್ತಾ?

ನೇಕಾರ: ಒಂದು ಕಾಲಾಳು ಜಾಸ್ತಿ ಐತಲ್ಲ. ಗೆಲ್ಬೇಕು. ರಾಜ ಡಿ-5ಕ್ಕೆ... ಕಪ್ಪು ಡಿ-7ಕ್ಕೆ ಬಂದು ಎದುರು ನಿಂತ್ಕೋತಾನೆ. ನಾನು ಈ ಕಡೆ ಬಂದ್ರೆ ಅವನೂ ಈ ಕಡೆ. ಇಲ್ಲ, ದಾರಿ ಬಿಡಲ್ಲ. ಡ್ರಾ.

ಮೇಷ್ಟ್ರು: ಈಗ ಕಾಲಾಳನ್ನು ಒಂದು ಮನೆ ಹಿಂದಕ್ಕೆ, ಇ-3ಕ್ಕೆ ಇಡ್ತೀನಿ. ಉಳಿದದ್ದು ಹಾಗೇ ಇರಲಿ. ಬಿಳಿಯದೇ ಸರದಿ.

ನೇಕಾರ: ಹಿಂದಕ್ಕೆ ಹೋದ ಮೇಲೆ ಇನ್ನೂ ದೂರ ಆತಲ್ಲ ಮೇಷ್ಟ್ರೇ. ... ತಡೀರಿ, ತಡೀರಿ. ಕಾಲಾಳನ್ನೇ ಇ-4ಕ್ಕೆ ನಡೆಸ್ತೀನಿ. ಈಗ ನಡೀಬೇಕಾದವನು ಅವನು! ಡಿ-7ಕ್ಕೆ ಹೋದ್ರೆ ನಾನು ಎಫ್-6ಕ್ಕೆ ನುಗ್ತೀನಿ. ಎಫ್-7ಕ್ಕೆ ಹೋದ್ರೆ ಡಿ-6ಕ್ಕೆ. ಗೆದ್ದೆ.

ಮೇಷ್ಟ್ರು: ಹಿಂದೆ ಇದ್ದ ಕಾಲಾಳು ಗೆಲ್ಲಿಸ್ತು, ಮುಂದೆ ಹೋದ ಕಾಲಾಳು ಡ್ರಾ ಮಾಡಿಸ್ತು. ಎರಡು ರಾಜರು ಎದುರುಬದುರು ನಿಂತಾಗ ಯಾರು ನಡೀಬೇಕೋ ಅವರೇ ದಾರಿ ಬಿಡಬೇಕು. ಇದಕ್ಕೆ ಆಪೊಸಿಷನ್ ಅಂತಾರೆ. ಹೋದ ವರ್ಷ ಒಂದು ಟೂರ್ನಮೆಂಟಿನಲ್ಲಿ ನನ್ನ ಪಕ್ಕದ ಬೋರ್ಡಿನಲ್ಲೇ ನೋಡಿದೆ. ಒಬ್ಬ ಹಿರಿಯರು ಮೂರು ಗಂಟೆ ಸೊಗಸಾಗಿ ಆಡಿ, ಕೊನೆಗೆ ಕಾಲಾಳು ಓಡಲಿ ಅಂತ ಮುಂಚೆಯೇ ಇ-4ಕ್ಕೆ ತಳ್ಳಿಬಿಟ್ಟರು. ಎದುರಿಗಿದ್ದ ಹತ್ತು ವರ್ಷದ ಹುಡುಗಿ ತಕ್ಷಣ ರಾಜನನ್ನು ತಂದು ಎದುರು ನಿಲ್ಲಿಸಿದಳು. ಅವಳಿಗೆ ಅದು ಲೆಕ್ಕ ಹಾಕೋ ವಿಷಯವೇ ಅಲ್ಲ, ಬಾಯಿಪಾಠದ ಮಗ್ಗಿ. ಇಂಥ ಹತ್ತೋ ಹದಿನೈದೋ ಸ್ಥಿತಿ ಇವೆ. ಆನೆ ಆಟದ ಫಿಲಿಡೋರ್, ಲುಸೆನಾ ಸೇರಿಸಿ. ಒಂದು ಮಳೆಗಾಲದಲ್ಲಿ ಕಲಿಯಬಹುದು. ಸಾಯೋವರೆಗೂ ಮರೆಯೋದಿಲ್ಲ.

ನೇಕಾರ: ಈ ಸಲ ಟೂರ್ನಮೆಂಟಿಗೆ ಹೆಸರು ಕೊಡೋಣ ಅಂತ ಐತೆ. ರೇಟಿಂಗ್ ಟೂರ್ನಮೆಂಟು. ಅದಕ್ಕೇ ಇಷ್ಟೆಲ್ಲ ಕೇಳಿದ್ದು.

ಮೇಷ್ಟ್ರು: ಕೊಡು. ಆದರೆ ಏನು ನಡೆಯುತ್ತೆ ಅಂತ ತಿಳಿದು ಕೊಡು. ಸ್ವಿಸ್ ಪದ್ಧತಿ, ಸಾಮಾನ್ಯವಾಗಿ ಒಂಬತ್ತು ಸುತ್ತು, ಐದು ದಿನ. ಸೋತರೂ ಮನೆಗೆ ಕಳಿಸೋದಿಲ್ಲ. ಮೊದಲ ಸುತ್ತಿನಲ್ಲಿ ಪಟ್ಟಿಯ ಮೇಲಿನ ಅರ್ಧಕ್ಕೂ ಕೆಳಗಿನ ಅರ್ಧಕ್ಕೂ ಜೋಡಿ. ಇನ್ನೂರು ಜನ ಇದ್ದರೆ ಒಂದನೇ ನಂಬರಿಗೆ ನೂರಾ ಒಂದನೇ ನಂಬರು. ನಿನಗೆ ರೇಟಿಂಗ್ ಇಲ್ಲ, ಆದ್ದರಿಂದ ಕೆಳಗಿನ ಅರ್ಧ. ಮೊದಲ ದಿನವೇ ದೊಡ್ಡವರೊಬ್ಬರು ಎದುರಾಗ್ತಾರೆ. ಸೋತರೆ ಮುಂದಿನ ಸುತ್ತಿನಲ್ಲಿ ಸೋತವರ ಜೊತೆ. ಮೂರನೇ ಸುತ್ತಿನಿಂದ ನಿನ್ನ ಸರಿಸಮಾನರು ಸಿಗೋಕೆ ಶುರು.

ನೇಕಾರ: ಗಡಿಯಾರ?

ಮೇಷ್ಟ್ರು: ತೊಂಬತ್ತು ನಿಮಿಷ, ಪ್ರತಿ ನಡೆಗೂ ಮೂವತ್ತು ಸೆಕೆಂಡ್ ಸೇರುತ್ತೆ. ನಲವತ್ತು ನಡೆ ಅಂತ ಲೆಕ್ಕ ಹಾಕು, 110 ನಿಮಿಷ. ನಡೆಗೆ ಎರಡೂ ಮುಕ್ಕಾಲು ನಿಮಿಷ. ಮೊಬೈಲಿನಲ್ಲಿ ಇಡೀ ಆಟಕ್ಕೆ ಇಟ್ಟುಕೊಳ್ಳೋ ಸಮಯ ಇಲ್ಲಿ ಒಂದು ನಡೆಗೆ! ಆದರೂ ನಮ್ಮ ಕಡೆಯವರು ಒಂದು ಗಂಟೆ ಗಡಿಯಾರದಲ್ಲಿ ಉಳಿಸಿಕೊಂಡು ಸೋತು ಏಳ್ತಾರೆ. ನನಗೆ ಅದನ್ನು ನೋಡೋಕೆ ಆಗೋದಿಲ್ಲ. ಬಸ್ಸಿನ ಖರ್ಚು, ರೂಮಿನ ಬಾಡಿಗೆ, ಪ್ರವೇಶ ಶುಲ್ಕ, ಐದು ದಿನದ ಕೂಲಿ, ಎಲ್ಲ ಕೊಟ್ಟು ಕೊಂಡ ಸಮಯ ಅದು. ಅದನ್ನು ಖರ್ಚು ಮಾಡದೆ ಎದ್ದು ಬರ್ತಾರಲ್ಲ.

ನೇಕಾರ: ಅವಸರ ಆಗ್ತೈತೆ. ಎದುರಿನ ಮಗು ಟಕ್ ಟಕ್ ಅಂತ ನಡೆಸ್ತಿರುವಾಗ ಕೈ ಸುಮ್ಮನಿರಲ್ಲ.

ಮೇಷ್ಟ್ರು: ಅದಕ್ಕೆ ಹಿಂದೆ ಒಂದು ಒಳ್ಳೆ ಉಪಾಯ ಇತ್ತು. ಬ್ಲೂಮೆನ್‌ಫೆಲ್ಡ್ ಅಂತ ರಷ್ಯಾದ ಮಾಸ್ಟರ್ ಹೇಳಿದ್ದು, ಕೊಟೋವ್ ತನ್ನ ಪುಸ್ತಕದಲ್ಲಿ ಪ್ರಚಾರ ಮಾಡಿದ್ದು. ನಡೆ ನಿರ್ಧಾರ ಆದ ಮೇಲೆ ಮೊದಲು ಹಾಳೆಯಲ್ಲಿ ಬರಿ, ಆಮೇಲೆ ಆಟ ಬಾರದವನ ಕಣ್ಣಿಂದ ಬೋರ್ಡನ್ನು ಒಂದು ಸಲ ನೋಡು, ಆಮೇಲೆ ನಡೆಸು. ನಾವೆಲ್ಲ ಹಾಗೇ ಮಾಡ್ತಿದ್ದೆವು. ಈಗ ನಡೆಸೋಕೆ ಮುಂಚೆ ಬರೆಯೋದನ್ನು ನಿಯಮ ಒಪ್ಪೋದಿಲ್ಲ, ಆರ್ಬಿಟರ್ ಬಂದು ಎಚ್ಚರಿಸ್ತಾರೆ. ಅದಕ್ಕೆ ಎದುರಾಳಿಯ ನಡೆಯನ್ನು ನಿಧಾನಕ್ಕೆ ಬರಿ. ಅವನು ನಡೆಸಿದ ತಕ್ಷಣ ಪೆನ್ನು ಹಿಡಿ. ಬರೆಯುತ್ತಾ ಕೇಳಿಕೋ, ಇದು ಯಾಕೆ ಬಂತು ಅಂತ. ಅವನು ಎಲ್ಲಿ ಚೆಕ್ ಕೊಡಬಹುದು, ಏನು ಹೊಡೀಬಹುದು, ಏನು ಬೆದರಿಸ್ತಿದ್ದಾನೆ? ಇಷ್ಟು ಕೇಳಿಕೊಂಡರೆ ನಿನ್ನ ಸೋಲಿನಲ್ಲಿ ಅರ್ಧ ಅಲ್ಲೇ ನಿಂತುಹೋಗುತ್ತೆ. ಇನ್ನು ಕೆಲವು ಸಣ್ಣ ವಿಷಯ. ಕಾಯಿ ಮುಟ್ಟಿದರೆ ಅದನ್ನೇ ನಡೆಸಬೇಕು. ಕೋಟೆ ಕಟ್ಟುವಾಗ ರಾಜನನ್ನು ಮೊದಲು ಮುಟ್ಟು. ಮನೆಯಲ್ಲಿ ಆನೆಯನ್ನು ಮೊದಲು ಎತ್ತಿ ರೂಢಿ ಆದವರು ಅಲ್ಲಿ ಆ ಕಡೆ ಕೋಟೆ ಕಟ್ಟೋ ಹಕ್ಕನ್ನೇ ಆ ನಡೆಯಲ್ಲಿ ಕಳಕೊಳ್ತಾರೆ. ಕಾಯಿ ನಡೆಸಿದ ಕೈಯಲ್ಲೇ ಗಡಿಯಾರ ಒತ್ತಬೇಕು. ನಿಯಮ ತಪ್ಪಿದ ನಡೆ ಒಂದು ಸಲ ನಡೆಸಿದರೆ ಎದುರಾಳಿಗೆ ಎರಡು ನಿಮಿಷ ಸಿಗುತ್ತೆ, ಎರಡನೇ ಸಲಕ್ಕೆ ಆಟವೇ ಹೋಯ್ತು. ಮೊಬೈಲನ್ನು ರೂಮಿನಲ್ಲೇ ಬಿಟ್ಟು ಬಾ. ಜೇಬಿನಲ್ಲಿ ಸಿಕ್ಕರೆ ಸೋಲು.

ನೇಕಾರ: ಮಕ್ಕಳ ಮಾತು ಬಂತಲ್ಲ. ಅವರ ಎದುರು ಸೋತ್ರೆ ರೇಟಿಂಗ್ ಬಹಳ ಬೀಳ್ತೈತೆ ಅಂತಾರೆ, ನಿಜಾನಾ?

ಮೇಷ್ಟ್ರು: ನಿಜ, ಲೆಕ್ಕ ಹೇಳ್ತೀನಿ. 1500ರ ನಿನ್ನಂಥ ದೊಡ್ಡವರೊಬ್ಬರು, 1500ರ ಒಬ್ಬ ಹುಡುಗ. ಮೂವತ್ತು ಆಟ ದಾಟಿದ ದೊಡ್ಡವರ ಗುಣಕ 20. ಹದಿನೆಂಟರೊಳಗಿನ ಮಕ್ಕಳಿಗೆ 2300 ತಲುಪೋವರೆಗೂ 40. ಹುಡುಗ ಗೆದ್ದರೆ ಅವನಿಗೆ ಇಪ್ಪತ್ತು ಬರುತ್ತೆ, ದೊಡ್ಡವರಿಂದ ಹತ್ತು ಹೋಗುತ್ತೆ. ಇದರಲ್ಲಿ ಅನ್ಯಾಯ ಇಲ್ಲ, ಬೆಳೆಯೋ ಮಗುವಿನ ಅಂಕ ಬೇಗ ಬೆಳೀಲಿ ಅಂತ ಮಾಡಿರೋದು. ತೊಂದರೆ ಬೇರೆ ಕಡೆ ಇದೆ. ಮಗು ಬೆಳೆಯೋ ವೇಗಕ್ಕೆ ಆ ನಲವತ್ತೂ ಸಾಲದು. ಕಾಗದದ ಮೇಲೆ 1450 ಇರ್ತಾನೆ, ಆಡೋದು 1750ರ ಆಟ. 1500ರ ಮನುಷ್ಯ 1450ರವನ ಎದುರು ನೂರು ಆಟಕ್ಕೆ 57 ಅಂಕ ತೆಗೀಬೇಕು ಅಂತ ಪಟ್ಟಿ ಹೇಳುತ್ತೆ. ನಿಜವಾಗಿ 1750ರವನ ಎದುರು ಸಿಗೋದು 19. ಒಂಬತ್ತು ಸುತ್ತಿನಲ್ಲಿ ಇಂಥ ಐದು ಮಕ್ಕಳು ಸಿಕ್ಕರೆ ಏನಾಗುತ್ತೆ ನೋಡು.

ನೇಕಾರ: ಫಿಡೆಯವರಿಗೆ ಇದು ಗೊತ್ತಿಲ್ವಾ?

ಮೇಷ್ಟ್ರು: ಗೊತ್ತಿದ್ದೇ 2024ರ ಮಾರ್ಚ್‌ನಲ್ಲಿ ಸರಿಪಡಿಸಿದರು. 2000ಕ್ಕಿಂತ ಕೆಳಗಿದ್ದವರಿಗೆಲ್ಲ, 2000ಕ್ಕೆ ಎಷ್ಟು ಕಡಿಮೆಯೋ ಅದರ ನೂರಕ್ಕೆ ನಲವತ್ತು ಭಾಗ ಒಂದೇ ಸಲ ಸೇರಿಸಿದರು. 1500 ಇದ್ದವರು 1700 ಆದರು, 1000 ಇದ್ದವರು 1400. ತಳದ ಮಿತಿಯನ್ನೂ 1400ಕ್ಕೆ ಏರಿಸಿದರು. ಆದರೆ ಮಕ್ಕಳು ನಿಲ್ಲೋದಿಲ್ಲವಲ್ಲ. ಗುಕೇಶ್ ಹದಿನೆಂಟಕ್ಕೆ ವಿಶ್ವ ಚಾಂಪಿಯನ್ ಆದ ದೇಶ ಇದು. ಪ್ರತಿ ಊರಿನಲ್ಲೂ ಅಪ್ಪ ಅಮ್ಮ ಮಕ್ಕಳನ್ನು ತರಬೇತಿಗೆ ಕಳಿಸ್ತಿದ್ದಾರೆ. ಒಳ್ಳೇದೇ ಆಯ್ತು. ಅದಕ್ಕೇ ನಾನು ಹೇಳೋದು, ರೇಟಿಂಗ್ ನೋಡಿ ನಿನ್ನ ಆಟ ಅಳೀಬೇಡ. ಒಂಬತ್ತು ಆಟದ ಹಾಳೆ ಮನೆಗೆ ತಗೊಂಡು ಬಾ. ಮೊದಲ ವಾರ ಕಂಪ್ಯೂಟರ್ ಹಚ್ಚಬೇಡ. ಸೋತ ಆಟವನ್ನು ಬೋರ್ಡಿನ ಮೇಲೆ ನೀನೇ ಇಡು. ಎಲ್ಲಿ ನಿನಗೆ ಖುಷಿಯಾಗಿತ್ತು, ಎಲ್ಲಿ ಭಯವಾಯ್ತು, ಯಾವ ನಡೆ ಕಾಣಲೇ ಇಲ್ಲ, ಅದನ್ನು ಅಂಚಿನಲ್ಲಿ ಬರಿ. ಆಮೇಲೆ ಎಂಜಿನ್ ಏನು ಹೇಳುತ್ತೆ ನೋಡು. ಮೊದಲೇ ಎಂಜಿನ್ ಹಚ್ಚಿದರೆ ಅದು ಉತ್ತರ ಹೇಳಿಬಿಡುತ್ತೆ, ನೀನು ಯಾಕೆ ತಪ್ಪಿದೆ ಅನ್ನೋದು ಅದಕ್ಕೂ ಗೊತ್ತಿಲ್ಲ.

ನೇಕಾರ: ಎಲ್ಲಾ ಒಪ್ಪಿದೆ ಮೇಷ್ಟ್ರೇ. ರೇಟಿಂಗ್ ಮಾತು ಮಾತ್ರ ಒಪ್ಪಲ್ಲ.

ಮೇಷ್ಟ್ರು: ಯಾಕೆ?

ನೇಕಾರ: ನಾನು ನೇಯ್ದ ಸೀರೆ ಬೆಂಗಳೂರಿನ ಅಂಗಡಿಗೆ ಹೋಗ್ತೈತೆ. ಮೊಳಕಾಲ್ಮುರು ಸೀರೆ ಅಂತ ಜಿಐ ಗುರುತೂ ಐತೆ. ಉಟ್ಟವರಿಗೆ ನೇಯ್ದವನು ಯಾರು ಅಂತ ಗೊತ್ತಾಗಲ್ಲ. ಬೇಸರ ಇಲ್ಲ, ಕಸುಬು ಅಂದ್ರೆ ಅದೇ. ಆದ್ರೆ ಈ ಪಟ್ಟಿ ಹಂಗಲ್ಲ. ಅದರಾಗೆ ನನ್ನ ಹೆಸರು ಇರ್ತೈತೆ, ಮುಂದೆ ಒಂದು ನಂಬರು. ಮ್ಯಾಗ್ನಸ್ ಕಾರ್ಲ್‌ಸನ್ ಹೆಸರು ಇರೋ ಪಟ್ಟಿನಾಗೇ. 1400 ಆದ್ರೂ ಸರಿ. ನನ್ನ ಮಗಳು ಅದನ್ನ ನೋಡ್ಬೇಕು.

ಮೇಷ್ಟ್ರು: ... ಸರಿ. ನಾನು ಆ ಕಡೆಯಿಂದ ಯೋಚನೆ ಮಾಡಿರಲಿಲ್ಲ. ಹಾಗಾದರೆ ಅದಕ್ಕೂ ತಯಾರಿ ಮಾಡೋಣ. ಮೊದಲ ರೇಟಿಂಗ್ ಬರೋಕೆ ರೇಟಿಂಗ್ ಇದ್ದವರ ಎದುರು ಕಡೇಪಕ್ಷ ಐದು ಆಟ ಆಗಿರಬೇಕು. ಒಂದೇ ಟೂರ್ನಮೆಂಟಿನಲ್ಲಿ ಆಗಬೇಕು ಅಂತೇನಿಲ್ಲ, ಎರಡು ಮೂರು ಸೇರಿಸಿದರೂ ಆಗುತ್ತೆ. ಯಾವಾಗ ಬಿಡುವು?

ನೇಕಾರ: ಆಷಾಢದಾಗೆ. ಮದುವೆ ಇರಲ್ಲ, ಆರ್ಡರ್ ಕಡಿಮೆ. ಶ್ರಾವಣ ಬಂತು ಅಂದ್ರೆ ಮತ್ತೆ ಮಗ್ಗ ಬಿಟ್ಟು ಏಳೋಕಾಗಲ್ಲ.

ಮೇಷ್ಟ್ರು: ಆಷಾಢದಲ್ಲಿ ದಾವಣಗೆರೆ, ಶಿವಮೊಗ್ಗ, ಬಳ್ಳಾರಿ ಕಡೆ ಎಲ್ಲಾದರೂ ಇದೆಯಾ ಅಂತ ರಾಜ್ಯ ಚೆಸ್ ಸಂಸ್ಥೆಯ ಪಟ್ಟಿ ನೋಡ್ತೀನಿ. ಹತ್ತಿರದಲ್ಲಿ ಇಲ್ಲದಿದ್ದರೆ ಬೆಂಗಳೂರು. ನಾನೂ ಹೆಸರು ಕೊಡ್ತೀನಿ, ಅರವತ್ತರ ಮೇಲಿನವರಿಗೆ ಬೇರೆ ಬಹುಮಾನ ಇಟ್ಟಿರ್ತಾರೆ. ಒಂದೇ ರೂಮು ಸಾಕು. ದಿನಕ್ಕೆ ಎರಡು ಆಟ ಇದ್ದಾಗ ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಬಾರದು. ಶೇಂಗಾ, ಬಾಳೆಹಣ್ಣು, ಮಜ್ಜಿಗೆ. ಸಂಜೆ ಸುತ್ತಿನಲ್ಲಿ ದೊಡ್ಡವರು ಸೋಲೋದು ನಿದ್ದೆಯಿಂದ. ರಾತ್ರಿ ರೂಮಿನಲ್ಲಿ ಮೂರು ನಿಮಿಷದ ಆಟ ಆಡಿದೆ ಅಂದರೆ ಮೊಬೈಲ್ ನಾನೇ ಇಟ್ಟುಕೊಳ್ತೀನಿ.

ನೇಕಾರ: ಈಗಿಂದಲೇ ಬಿಟ್ಟೆ ಅಂದ್ಕೊಳ್ಳಿ. ಆದ್ರೆ ಉದ್ದದ ಆಟ ಅಭ್ಯಾಸ ಆಗ್ಬೇಕಲ್ಲ, ಯಾರ ಜೊತೆ?

ಮೇಷ್ಟ್ರು: ನನ್ನ ಜೊತೆ. ಸೀರೆ ತರೋ ದಿನ ಮಧ್ಯಾಹ್ನ ಬರಬೇಡ, ಮೊದಲ ಬಸ್ಸಿಗೆ ಬಾ. ಒಂದು ಆಟಕ್ಕೆ ನಾಲ್ಕು ಗಂಟೆ ಇಟ್ಟುಕೋ. ನೆಹರು ಸರ್ಕಲ್ ಹತ್ತಿರದ ಎಣ್ಣೆ ಅಂಗಡಿಯವರ ತಮ್ಮ, ಇಲ್ಲಿಯ ಬ್ಯಾಂಕಿನ ಒಬ್ಬರು ಅಧಿಕಾರಿ, ಇಬ್ಬರೂ ಆಡೋರು ಬೇಕು ಅಂತ ಕೇಳ್ತಿದ್ದರು. ಅವರನ್ನೂ ಕರೀತೀನಿ. ನಾಲ್ಕು ಜನ ಆದರೆ ಎರಡು ಬೋರ್ಡ್, ಮೂರು ವಾರಕ್ಕೆ ಎಲ್ಲರೂ ಎಲ್ಲರ ಜೊತೆ ಆಡಿದ ಹಾಗೆ. ಹಾಳೆ ಬರೀಬೇಕು, ಮುಟ್ಟಿದ ಕಾಯಿ ನಡೆಸಬೇಕು, ಮೊಬೈಲು ಒಳಗಿನ ಕೋಣೆಯಲ್ಲಿ. ಆಟ ಮುಗಿದ ಮೇಲೆ ಆಡಿದ ಇಬ್ಬರೂ ಕೂತು ಮೊದಲ ನಡೆಯಿಂದ ನೋಡಬೇಕು. ಗಡಿಯಾರ ನನ್ನ ಹತ್ತಿರ ಒಂದಿದೆ.

ನೇಕಾರ: ಇನ್ನೊಂದು ನಾನು ತರ್ತೀನಿ. ಬುಧವಾರ ಎರಡು ಸೀರೆ ಕೊಡೋದೈತೆ, ಬುಧವಾರಾನೇ ಶುರು ಮಾಡೋಣ್ವಾ?

ಮೇಷ್ಟ್ರು: ಬುಧವಾರ ಬ್ಯಾಂಕಿನವರು ಬರೋಕಾಗೋದಿಲ್ಲ. ಭಾನುವಾರ ಮಾಡೋಣ. ಬುಧವಾರ ಬೆಳಗ್ಗೆ ನೀನೊಬ್ಬನೇ ಬಾ, ಲುಸೆನಾ ಸ್ಥಿತಿ ಹೇಳಿಕೊಡ್ತೀನಿ.